ಹೆಸರು ಕೇಳದ ಸ್ಟಾರ್ಟಪ್‌ನಲ್ಲಿ ಕೆಲಸ: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸುರತ್ಕಲ್, ಮಣಿಪಾಲ, ನಿಟ್ಟೆ, ವಾಮಂಜೂರು, ಅಡ್ಯಾರ್, ಬೆಂಜನಪದವು. ನಮ್ಮ ಎರಡು ಜಿಲ್ಲೆಗಳಲ್ಲಿ ಇಂಜಿನಿಯರಿಂಗ್ ಕಾಲೇಜಿಗೆ ಕೊರತೆಯಿಲ್ಲ. ಆದರೆ ಓದು ಮುಗಿಸಿ ಊರಲ್ಲೇ ಉಳಿಯಬೇಕು ಅನ್ನುವವರಿಗೆ ದೊಡ್ಡ ಹೆಸರಿನ ಕಂಪನಿಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕದ್ರಿ, ಬಲ್ಮಠ, ಮಣಿಪಾಲದ ಯಾವುದೋ ಕಟ್ಟಡದ ಮೇಲ್ಮಹಡಿಯಲ್ಲಿ ಹತ್ತಿಪ್ಪತ್ತು ಜನ ಕೂತು ನಡೆಸುವ ಸಣ್ಣ ಕಂಪನಿಗಳು. ಅಲ್ಲಿ ಸೇರುವ ಮೊದಲು, ಸೇರಿದ ಮೇಲೆ ಮಕ್ಕಳೂ ಹೆತ್ತವರೂ ಕೇಳುವ ಪ್ರಶ್ನೆಗಳು ಇವು. ನಾನು ಸಣ್ಣ ಕಂಪನಿಯಲ್ಲಿ ದುಡಿದವನು. ಆಮೇಲೆ ಸಂದರ್ಶನದ ಮೇಜಿನ ಆಚೆ ಬದಿಯಲ್ಲೂ ಕೂತವನು. ಎರಡೂ ಕಡೆ ಕಂಡದ್ದನ್ನು ಬರೆದಿದ್ದೇನೆ.

ಯಾರಿಗೂ ಗೊತ್ತಿಲ್ಲದ ಕಂಪನಿಗೆ ಸೇರಿದರೆ ರೆಸ್ಯೂಮೆ ಹಾಳಾಗುತ್ತದಾ?

ಹಾಳಾಗುವುದಿಲ್ಲ. ಆದರೆ ಒಂದು ಕೆಲಸ ಜಾಸ್ತಿ ನಿಮ್ಮ ತಲೆಗೆ ಬೀಳುತ್ತದೆ. ರೆಸ್ಯೂಮೆಯಲ್ಲಿ ಇನ್ಫೋಸಿಸ್ ಅಂತ ಇದ್ದರೆ ಓದುವವರು ಮುಂದಿನ ಸಾಲಿಗೆ ಹೋಗುತ್ತಾರೆ. ಅವರು ಹೇಗೆ ಆಯ್ಕೆ ಮಾಡುತ್ತಾರೆ, ಎಂಥ ತರಬೇತಿ ಕೊಡುತ್ತಾರೆ ಎಂದು ಎಲ್ಲರಿಗೂ ಒಂದು ಅಂದಾಜು ಇದೆ. ನಿಮ್ಮ ಕಂಪನಿಯ ಬಗ್ಗೆ ಆ ಅಂದಾಜು ಇಲ್ಲ. ಕಂಪನಿ ಏನು ಮಾಡುತ್ತದೆ, ನೀವು ಅಲ್ಲಿ ಏನು ಮಾಡಿದಿರಿ, ಅದು ನಿಜವೇ ಎಂದು ನೀವೇ ತೋರಿಸಬೇಕು.

ಇದು ಮುಖ್ಯವಾಗಿ ಮೊದಲ ಸಲ ಕೆಲಸ ಬದಲಿಸುವಾಗಿನ ಕಷ್ಟ. ಎರಡನೇ ಸಲ ಬದಲಿಸುವ ಹೊತ್ತಿಗೆ ಕಂಪನಿಯ ಹೆಸರಿಗಿಂತ ಕೈಯಲ್ಲಿರುವ ಕೆಲಸದ ಬಗ್ಗೆ ಪ್ರಶ್ನೆ ಬರುತ್ತದೆ. ಆಗ ದೊಡ್ಡ ಕಂಪನಿಯಲ್ಲಿ ಸುಮ್ನೆ ಕೂತು ಬಂದವರು ತಡವರಿಸುವುದನ್ನೂ ನೋಡಿದ್ದೇನೆ. ಸಣ್ಣ ಕಡೆ ನಿಜವಾಗಿ ದುಡಿದವರು ಬಿಳಿ ಹಲಗೆಯ ಮುಂದೆ ನಿಂತು ಪಟಪಟನೆ ಬರೆದು ವಿವರಿಸುವುದನ್ನೂ ನೋಡಿದ್ದೇನೆ.

ಮನೆಯಲ್ಲಿ "ಎಂತ ಕಂಪನಿ ಅದು, ಹೆಸರೇ ಕೇಳಿಲ್ಲ" ಅನ್ನುತ್ತಾರೆ. ಏನು ಹೇಳಲಿ?

ಅಪ್ಪ ಅಮ್ಮನ ಹೆದರಿಕೆಯನ್ನು ತಳ್ಳಿಹಾಕಬೇಡಿ. ಅದಕ್ಕೆ ಕಾರಣ ಇದೆ. ನಮ್ಮೂರಿನಲ್ಲಿ ಒಳ್ಳೆಯ ಕೆಲಸ ಅಂದರೆ ಬ್ಯಾಂಕ್ ಕೆಲಸ ಎಂದು ಬೆಳೆದವರು ಅವರು. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದೂ ಈ ಕರಾವಳಿಯಲ್ಲೇ ಹುಟ್ಟಿದವು.

ಆದರೆ ಅದೇ ಬ್ಯಾಂಕುಗಳ ಕತೆಯನ್ನು ಪೂರ್ತಿ ನೆನಪಿಸಿ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಶುರುವಾದಾಗ ಬಂಡವಾಳ 8,000 ರೂಪಾಯಿ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಐದರಲ್ಲಿ ಮೂರು ಬೋರ್ಡು ಇಳಿಯಿತು. ಅಲ್ಲಿ ಕೆಲಸ ಕಲಿತವರ ಕಸುಬು ಮಾತ್ರ ಬೋರ್ಡಿನ ಜೊತೆ ಇಳಿಯಲಿಲ್ಲ.

ಸಾಫ್ಟ್‌ವೇರ್ ಕಡೆಯಿಂದಲೂ ಒಂದು ಉದಾಹರಣೆ ಇದೆ. ರೋಬೋಸಾಫ್ಟ್ 1996ರಲ್ಲಿ ಉಡುಪಿಯಲ್ಲಿ ಶುರುವಾಯಿತು. ಮೊದಮೊದಲು ಸೇರಿದವರ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿರಬೇಕು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಅದನ್ನು ಕೊಂಡುಕೊಂಡಿತು. ಆದರೆ ಈ ಒಂದು ಕತೆ ಹೇಳಿ ಮನೆಯವರನ್ನು ಒಪ್ಪಿಸಿದರೆ ಅದು ಅರ್ಧ ಸತ್ಯ. ಸದ್ದಿಲ್ಲದೆ ಬಾಗಿಲು ಹಾಕಿದ ಕಂಪನಿಗಳು ಇದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಕತೆ ಬೇಡ, ಕಾಗದ ತೋರಿಸಿ. ಮುಂದಿನ ಉತ್ತರದಲ್ಲಿ ಹೇಳಿದ ತಪಾಸಣೆಯನ್ನು ಅವರ ಪಕ್ಕ ಕೂತೇ ಮಾಡಿ.

ಆಫರ್ ಒಪ್ಪುವ ಮೊದಲು ಕಂಪನಿಯನ್ನು ಹೇಗೆ ಪರೀಕ್ಷೆ ಮಾಡಲಿ?

ಮೊದಲು ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿಗೆ ಹೋಗಿ ಹೆಸರು ಹುಡುಕಿ. ಯಾವಾಗ ನೋಂದಣಿ ಆಯಿತು, ನಿರ್ದೇಶಕರು ಯಾರು, ಕೊನೆಯ ಲೆಕ್ಕಪತ್ರ ಯಾವ ವರ್ಷದ್ದು ಎಂದು ಅಲ್ಲಿ ಸಿಗುತ್ತದೆ. ಎರಡು ಮೂರು ವರ್ಷದಿಂದ ಲೆಕ್ಕ ಕೊಟ್ಟಿಲ್ಲ ಅಂದರೆ ಕಾರಣ ಕೇಳಲೇಬೇಕು. ಅದು ಪ್ರೈವೇಟ್ ಲಿಮಿಟೆಡ್ಡೋ, ಎಲ್‌ಎಲ್‌ಪಿಯೋ (ಸೀಮಿತ ಹೊಣೆಯ ಪಾಲುದಾರಿಕೆ), ಒಬ್ಬರ ಸ್ವಂತ ವ್ಯವಹಾರವೋ ಎಂದು ನೋಡಿಟ್ಟುಕೊಳ್ಳಿ. ಶೇರು ಕೊಡುತ್ತೇವೆ ಎಂಬ ಮಾತು ಬಂದಾಗ ಇದು ಬೇಕಾಗುತ್ತದೆ. ನೌಕರರ ಭವಿಷ್ಯ ನಿಧಿ (ಪಿಎಫ್) ನೋಡಿಕೊಳ್ಳುವ ಇಪಿಎಫ್‌ಒ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಇದೆಯಾ, ಪಿಎಫ್ ಕಟ್ಟುತ್ತಿದ್ದಾರಾ ಎಂದೂ ನೋಡಬಹುದು.

ಆಮೇಲೆ ನೇರವಾಗಿ ಕೇಳಿ. ಹಣ ಎಲ್ಲಿಂದ ಬರುತ್ತಿದೆ, ಗ್ರಾಹಕರಿಂದಲೋ ಹೂಡಿಕೆದಾರರಿಂದಲೋ? ಈಗಿರುವ ಹಣದಲ್ಲಿ ಎಷ್ಟು ತಿಂಗಳು ಸಂಬಳ ಕೊಡಬಹುದು? ಕಳೆದ ವರ್ಷ ಯಾವುದಾದರೂ ತಿಂಗಳು ಸಂಬಳ ತಡವಾಗಿತ್ತಾ? ಕೇಳಿದರೆ ಬೇಜಾರಾಗುತ್ತಾರೋ ಎಂದು ಹಿಂಜರಿಯಬೇಡಿ. ಒಳ್ಳೆಯ ಸಂಸ್ಥಾಪಕರು ಇದಕ್ಕೆ ಉತ್ತರ ಕೊಡುತ್ತಾರೆ. ಬೇಜಾರು ಮಾಡಿಕೊಳ್ಳುವವರ ಹತ್ತಿರ ಕೆಲಸ ಮಾಡುವುದು ಕಷ್ಟ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ: "ನಾನು ಬರೆದದ್ದನ್ನು ಯಾರು ನೋಡಿ ತಿದ್ದುತ್ತಾರೆ?" ಒಬ್ಬ ವ್ಯಕ್ತಿಯ ಹೆಸರು ಹೇಳಿದರೆ ಆ ವ್ಯಕ್ತಿಯ ಜೊತೆ ಹತ್ತು ನಿಮಿಷ ಮಾತಾಡಲು ಅವಕಾಶ ಕೇಳಿ. "ಇಲ್ಲಿ ಎಲ್ಲರೂ ಅವರವರೇ ಕಲಿಯುತ್ತಾರೆ" ಅಂದರೆ ಹೊಸಬರಿಗೆ ಅದು ಒಳ್ಳೆಯ ಜಾಗವಲ್ಲ.

ಠೇವಣಿ ಕೇಳಿದರೆ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೆ, "ಮೊದಲ ಮೂರು ತಿಂಗಳು ಸಂಬಳ ಇಲ್ಲ, ಆಮೇಲೆ ನೋಡೋಣ" ಅಂದರೆ ಎದ್ದು ಬನ್ನಿ.

ಸಣ್ಣ ಕಡೆ ಎಲ್ಲ ಕೆಲಸವನ್ನೂ ಮಾಡಿಸುತ್ತಾರೆ. ಯಾವುದರಲ್ಲೂ ಪಳಗುವುದಿಲ್ಲ ಅಲ್ವಾ?

ಪಳಗದೆ ಉಳಿಯುವ ಅಪಾಯ ಇದೆ. ಬೆಳಿಗ್ಗೆ ಗ್ರಾಹಕರ ಫೋನು, ಮಧ್ಯಾಹ್ನ ಟೆಸ್ಟಿಂಗ್, ಸಂಜೆ ಕೋಡ್, ನಡುವೆ ಇನ್‌ವಾಯ್ಸ್. ಹೀಗೇ ಮೂರು ವರ್ಷ ಓಡಿದರೆ ಕೈಯಲ್ಲಿ ಹೆಸರಿಟ್ಟು ಹೇಳುವ ಕೌಶಲ ಒಂದೂ ಇರುವುದಿಲ್ಲ. ಆದರೆ ಅದೇ ಜಾಗದಲ್ಲಿ ದೊಡ್ಡ ಕಂಪನಿಯಲ್ಲಿ ಸುಲಭವಾಗಿ ಸಿಗದ ಒಂದು ಅವಕಾಶವೂ ಇದೆ: ಒಂದು ಸಮಸ್ಯೆಯನ್ನು ಹುಟ್ಟಿನಿಂದ ಕೊನೆಯವರೆಗೆ ಕೈಯಲ್ಲಿ ಹಿಡಿಯುವುದು.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಮಲ್ಪೆ ಬಂದರಿನ ಮೀನು ಏಲಂ ಲೆಕ್ಕಕ್ಕೆ ಒಂದು ಸಣ್ಣ ಕಂಪನಿ ಆ್ಯಪ್ ಮಾಡಿದೆ. ಯಾವ ಬೋಟು, ಎಷ್ಟು ಬುಟ್ಟಿ, ಯಾವ ದರ, ಯಾರು ತೆಗೆದುಕೊಂಡರು, ಎಲ್ಲ ಅದರಲ್ಲಿ ದಾಖಲಾಗುತ್ತದೆ. ಬೆಳಗಿನ ಜಾವ ಬೋಟುಗಳು ಒಟ್ಟಿಗೆ ಬಂದಾಗ ಆ್ಯಪ್ ನಿಧಾನ ಆಗುತ್ತದೆ. ಏಲಂ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಬರೆಯುವವರು ಮತ್ತೆ ಪುಸ್ತಕಕ್ಕೆ ಇಳಿಯುತ್ತಾರೆ. ಇಲ್ಲಿರುವ ಹುಡುಗಿ ಒಬ್ಬಳೇ ಇಂಜಿನಿಯರ್. ಅವಳು ದಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಹೋಗಿ ನಿಂತು ನೋಡುತ್ತಾಳೆ. ನೆಟ್‌ವರ್ಕ್ ಸಿಗದ ಜಾಗದಲ್ಲಿ ಪ್ರತಿ ನಮೂದಿಗೂ ಆ್ಯಪ್ ಸರ್ವರ್ ಉತ್ತರಕ್ಕೆ ಕಾಯುತ್ತಿದೆ. ನಮೂದನ್ನು ಮೊದಲು ಫೋನಿನಲ್ಲೇ ಉಳಿಸಿ, ಸಂಪರ್ಕ ಸಿಕ್ಕಾಗ ಕಳಿಸುವ ಹಾಗೆ ಬದಲಿಸಬೇಕು. ಚಾಲ್ತಿಯಲ್ಲಿರುವಾಗ ಡೇಟಾಬೇಸ್ ಮುಟ್ಟುವುದು ಅಪಾಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅವಳು ದೊಡ್ಡ ಬದಲಾವಣೆಯನ್ನೆಲ್ಲ ಆ 61 ದಿನಕ್ಕೆ ಇಟ್ಟುಕೊಳ್ಳುತ್ತಾಳೆ. ಆಗಸ್ಟಿನಲ್ಲಿ ಬೋಟು ಇಳಿಯುವ ಹೊತ್ತಿಗೆ ಹೊಸದು ತಯಾರು.

ಈ ಹುಡುಗಿ ನಾಳೆ ಯಾವ ಸಂದರ್ಶನಕ್ಕೆ ಹೋದರೂ ಮಾತಾಡಲು ಒಂದು ಗಂಟೆಯ ವಿಷಯ ಇದೆ. ಅವಳ ಕಂಪನಿಯ ಹೆಸರು ಕೇಳಿಲ್ಲ ಎಂಬುದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಎಲ್ಲ ಕೆಲಸ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ವರ್ಷಕ್ಕೆ ಒಂದಾದರೂ ಇಂಥ ಸಮಸ್ಯೆ "ಇದು ನನ್ನದು" ಎಂದು ಹಿಡಿದುಕೊಳ್ಳಿ.

ಹಾಗಿದ್ದರೆ ರೆಸ್ಯೂಮೆಯಲ್ಲಿ ಏನು ಬರೆಯಬೇಕು?

"ಮೊಬೈಲ್ ಆ್ಯಪ್ ಅಭಿವೃದ್ಧಿಯಲ್ಲಿ ತೊಡಗಿದ್ದೆ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮೊದಲು ಕಂಪನಿಯ ಬಗ್ಗೆ ಒಂದು ಸಾಲು: "ಮೀನು ಏಲಂ ಲೆಕ್ಕದ ಆ್ಯಪ್, ಬಂದರಿನ ಏಜೆಂಟರು ಬಳಸುತ್ತಾರೆ, ಇಂಜಿನಿಯರ್ ನಾನೊಬ್ಬಳೇ." ಆಮೇಲೆ ನೀವು ಕಂಡ ತೊಂದರೆ, ಮಾಡಿದ ಬದಲಾವಣೆ, ಆಮೇಲೆ ಆದ ವ್ಯತ್ಯಾಸ. ಎಷ್ಟು ಜನ ಬಳಸುತ್ತಾರೆ, ಮೊದಲು ಎಷ್ಟು ಸೆಕೆಂಡು ಹಿಡಿಯುತ್ತಿತ್ತು, ಈಗ ಎಷ್ಟು ಎಂಬ ಅಂಕಿಗಳನ್ನು ಕೆಲಸ ಮುಗಿದ ವಾರವೇ ಬರೆದಿಡಿ. ಎರಡು ವರ್ಷ ಬಿಟ್ಟು ನೆನಪಿರುವುದಿಲ್ಲ. ಕಂಪನಿಯ ಕೋಡನ್ನು ಮಾತ್ರ ಮನೆಗೆ ತರಬೇಡಿ. ಅದು ನಿಮ್ಮದಲ್ಲ, ಸಂದರ್ಶನದಲ್ಲಿ ತೋರಿಸಿದರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಸೇರಿದ ಎರಡನೇ ವರ್ಷಕ್ಕೇ "ಹೆಡ್" ಅಂತ ಹುದ್ದೆ ಕೊಟ್ಟಿದ್ದಾರೆ. ಲಾಭವಾ?

ಹೆಚ್ಚೇನಿಲ್ಲ. ಮುಂದಿನ ಕಂಪನಿ ಎಷ್ಟು ಜನರನ್ನು ನೋಡಿಕೊಂಡಿರಿ ಎಂದು ಕೇಳುತ್ತದೆ. ಇಬ್ಬರು ಇಂಟರ್ನ್‌ಗಳು ಅಂದರೆ ಕಥೆ ಮುಗಿಯಿತು. ದೊಡ್ಡ ಹುದ್ದೆಯಿಂದ ಅಲ್ಲಿ ಸಾಮಾನ್ಯ ಇಂಜಿನಿಯರ್ ಆಗಿ ಸೇರಬೇಕಾದಾಗ ಮನಸ್ಸಿಗೆ ನೋವಾಗುತ್ತದೆ. ಬೇಡದ ನೋವು ಅದು.

ಕಡಿಮೆ ಸಂಬಳಕ್ಕೆ ಶುರು ಮಾಡಿದರೆ ಜೀವನಪೂರ್ತಿ ಹಿಂದೆ ಬೀಳುತ್ತೇನಾ?

ಸ್ವಲ್ಪ ಕಾಲ ಬೀಳುತ್ತೀರಿ. ನಮ್ಮಲ್ಲಿ ಎಚ್‌ಆರ್‌ನವರು ಈಗಿನ ಸಂಬಳ ಕೇಳಿ ಅದರ ಮೇಲೆ ಇಷ್ಟು ಶೇಕಡಾ ಎಂದು ಲೆಕ್ಕ ಹಾಕುವ ಪದ್ಧತಿ ಇನ್ನೂ ಇದೆ. ತಳ ಕಡಿಮೆ ಇದ್ದರೆ ಏರಿಕೆಯೂ ಕಡಿಮೆ. ಇದನ್ನು ಮುರಿಯಲು ದಾರಿ, ಕೈಯಲ್ಲಿ ಎರಡು ಆಫರ್ ಇರುವಾಗ ಮಾತಾಡುವುದು. ಆಗ ಹಳೆಯ ಸಂಬಳ ಹಿಂದಕ್ಕೆ ಸರಿಯುತ್ತದೆ.

ಊರಿನ ಖರ್ಚು ಕಡಿಮೆ ಎಂಬ ಮಾತು ನಿಜ. ಮನೆಯಿಂದಲೇ ಹೋಗಿ ಬರುವವರಿಗೆ ಬೆಂಗಳೂರಿನ ಬಾಡಿಗೆ, ಮುಂಗಡ ಎರಡೂ ಉಳಿಯುತ್ತದೆ. ಆದರೆ ಉಳಿದದ್ದು ನಿಜವಾಗಿ ಉಳಿತಾಯ ಖಾತೆಗೆ ಹೋಗಬೇಕು. ಸಣ್ಣ ಕಂಪನಿಯಲ್ಲಿರುವವರು ಆರು ತಿಂಗಳ ಖರ್ಚಿನ ಹಣ ಬೇರೆ ಇಡುವುದು ಒಳ್ಳೆಯದು ಅನ್ನುವುದಲ್ಲ, ಇಡಲೇಬೇಕು. ಇಲ್ಲಿ ಒಂದು ಕಂಪನಿ ಮುಚ್ಚಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಸಿಗುವುದಿಲ್ಲ.

ಪಿಎಫ್, ಗ್ರಾಚ್ಯುಟಿ ಇವೆಲ್ಲ ಸ್ಟಾರ್ಟಪ್‌ನಲ್ಲಿ ಸಿಗುತ್ತದಾ?

20 ಅಥವಾ ಹೆಚ್ಚು ನೌಕರರಿದ್ದರೆ ಪಿಎಫ್ ಕಡ್ಡಾಯ. ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12 ನಿಮ್ಮಿಂದ, ಅಷ್ಟೇ ಕಂಪನಿಯಿಂದ. 12 ಜನರ ಕಂಪನಿಗೆ ಕಡ್ಡಾಯವಿಲ್ಲ, ಬೇಕಿದ್ದರೆ ಸ್ವಇಚ್ಛೆಯಿಂದ ಸೇರಬಹುದು. ಸೇರದಿದ್ದರೆ ನೀವೇ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆಯಿರಿ. ವರ್ಷಕ್ಕೆ 500 ರೂಪಾಯಿಯಿಂದ 1.5 ಲಕ್ಷದವರೆಗೆ ಕಟ್ಟಬಹುದು.

ಪಿಎಫ್ ಇದ್ದರೆ ಅದರಿಂದ ಹಣಕ್ಕಿಂತ ದೊಡ್ಡ ಉಪಕಾರ ಒಂದಿದೆ. ನಿಮ್ಮ ಯುಎಎನ್ (ಕಂಪನಿ ಬದಲಿಸಿದರೂ ಬದಲಾಗದ ಪಿಎಫ್ ಸಂಖ್ಯೆ) ಖಾತೆಯಲ್ಲಿ ಯಾವ ಕಂಪನಿ, ಎಂದಿನಿಂದ ಎಂದಿನವರೆಗೆ ಎಂದು ದಾಖಲಾಗುತ್ತದೆ. ಮುಂದಿನ ಕಂಪನಿಯ ಹಿನ್ನೆಲೆ ತಪಾಸಣೆಯಲ್ಲಿ ಅದನ್ನೇ ನೋಡುತ್ತಾರೆ. ಹೆಸರಿಲ್ಲದ ಕಂಪನಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ತೆರೆದು ನೋಡಿ. ಸಂಬಳದಲ್ಲಿ ಕಡಿತ ಆಗಿ ಪಾಸ್‌ಬುಕ್‌ನಲ್ಲಿ ಬಂದಿಲ್ಲ ಅಂದರೆ ಕಂಪನಿಯ ಹಣದ ಸ್ಥಿತಿ ಬಿಗಡಾಯಿಸಿದೆ ಎಂಬುದಕ್ಕೆ ಅದು ಬಹಳ ಮುಂಚಿನ ಸೂಚನೆ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕಂಪನಿ ಕೊಡುವ ಮೊತ್ತ, 10 ಅಥವಾ ಹೆಚ್ಚು ನೌಕರರಿರುವ ಕಡೆ ಅನ್ವಯ, ಕಾಯಂ ನೌಕರರಿಗೆ 5 ವರ್ಷ ತುಂಬಬೇಕು. ಕೊನೆಯ ಮೂಲ ವೇತನ 30,000 ಇದ್ದರೆ 5 ವರ್ಷಕ್ಕೆ ಸುಮಾರು 86,500 ರೂಪಾಯಿ. ಒಳ್ಳೆಯ ಮೊತ್ತವೇ. ಆದರೆ ಅದಕ್ಕೋಸ್ಕರ ಬೆಳವಣಿಗೆ ನಿಂತ ಜಾಗದಲ್ಲಿ ಎರಡು ವರ್ಷ ಜಾಸ್ತಿ ಕೂರುವಷ್ಟು ದೊಡ್ಡದಲ್ಲ.

ಸಂಬಳದ ಬದಲು ಶೇರು ಕೊಡುತ್ತಾರಂತೆ. ನಂಬಬಹುದಾ?

ಕಂಪನಿ ಪ್ರೈವೇಟ್ ಲಿಮಿಟೆಡ್ ಆಗಿರಬೇಕು. ಎಲ್‌ಎಲ್‌ಪಿಯಲ್ಲಿ ಶೇರು ಎಂಬುದೇ ಇಲ್ಲ, ಹಾಗಾಗಿ ಅಲ್ಲಿ ಅದು ಬರೀ ಬಾಯಿಮಾತು. ಇಸಾಪ್ (ನೌಕರರಿಗೆ ಮುಂದೆ ಶೇರು ಕೊಳ್ಳುವ ಹಕ್ಕು) ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಯಾವುದೂ ನಿಮ್ಮ ಕೈಗೆ ಬರುವುದಿಲ್ಲ, ಕಾನೂನೇ ಹಾಗಿದೆ. ಬಂದ ಮೇಲೆ ತೆಗೆದುಕೊಳ್ಳುವಾಗ ಅದು ಸಂಬಳದ ಆದಾಯ ಎಂದು ತೆರಿಗೆ, ಮಾರುವಾಗ ಲಾಭದ ಮೇಲೆ ಇನ್ನೊಮ್ಮೆ. ಮಾರಲು ಕೊಳ್ಳುವವರು ಬೇಕಲ್ಲ? ಷೇರುಪೇಟೆಯಲ್ಲಿ ಇಲ್ಲದ ಸಣ್ಣ ಕಂಪನಿಯ ಶೇರಿಗೆ ಅವರು ಸಿಗುವುದು ಅಪರೂಪ. ಕಾಗದದಲ್ಲಿ ಬರೆದು ಕೊಟ್ಟರೆ ತೆಗೆದುಕೊಳ್ಳಿ, ಆದರೆ ತಿಂಗಳ ಖರ್ಚಿನ ಲೆಕ್ಕದಲ್ಲಿ ಅದಕ್ಕೆ ಸೊನ್ನೆ ಬೆಲೆ ಹಾಕಿ.

ಎರಡು ವರ್ಷದ ಬಾಂಡ್‌ಗೆ ಸಹಿ ಕೇಳುತ್ತಿದ್ದಾರೆ.

ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿಗೆ ಸೇರಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ "ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಕಟ್ಟಬೇಕು" ಎಂಬುದು ಬೇರೆ ವಿಷಯ. 2025ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಹಳೆಯ ವಿಜಯಾ ಬ್ಯಾಂಕಿನದೇ ಪ್ರಕರಣದಲ್ಲಿ ಮೂರು ವರ್ಷದ ಷರತ್ತು ಮತ್ತು 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿಯಿತು. ಹಾಗಾಗಿ "ಬಾಂಡ್ ಎಲ್ಲ ಸುಮ್ನೆ, ಸಹಿ ಹಾಕು" ಅನ್ನುವ ಗೆಳೆಯರ ಮಾತು ಕೇಳಬೇಡಿ. ಮೊತ್ತ ಎಷ್ಟು, ಅದಕ್ಕೆ ಬದಲಾಗಿ ನಿಜವಾದ ತರಬೇತಿ ಏನು ಕೊಡುತ್ತಾರೆ ಎಂದು ಕೇಳಿ. ಏನೂ ಇಲ್ಲದೆ ಬರೀ ಕಟ್ಟಿಹಾಕಲು ಬಾಂಡ್ ಅಂದರೆ ಬೇಡ ಅನ್ನಿ.

ಕಂಪನಿ ಮುಚ್ಚಿಬಿಟ್ಟರೆ ನನ್ನ ಅನುಭವಕ್ಕೆ ಬೆಲೆ ಇದೆಯಾ?

ಇದೆ, ಕಾಗದ ಇದ್ದರೆ. ಕಂಪನಿ ಮುಚ್ಚಿದ ಕೆಲವೇ ತಿಂಗಳಲ್ಲಿ ವೆಬ್‌ಸೈಟ್ ಹೋಗುತ್ತದೆ, ಆಫೀಸ್ ಇಮೇಲ್ ಹೋಗುತ್ತದೆ. ಅದರೊಳಗಿದ್ದ ನಿಮ್ಮ ಸಂಬಳ ಚೀಟಿಗಳೂ ಹೋಗುತ್ತವೆ. ಎರಡು ವರ್ಷದ ಮೇಲೆ ತಪಾಸಣೆಯವರು ಫೋನ್ ಮಾಡಿದರೆ ಎತ್ತುವವರಿಲ್ಲ. ಆಗ ನಿಮ್ಮನ್ನು ಉಳಿಸುವುದು ನೇಮಕಾತಿ ಪತ್ರ, ಸಂಬಳ ಚೀಟಿ, ಫಾರ್ಮ್ 16 (ಸಂಬಳಕ್ಕೂ ಅದರಲ್ಲಿ ಕಡಿದ ತೆರಿಗೆಗೂ ಕಂಪನಿ ಕೊಡುವ ಪ್ರಮಾಣಪತ್ರ), ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ದಾಖಲೆ, ಬಿಡುಗಡೆ ಪತ್ರ. ಇವೆಲ್ಲ ಮೊದಲ ತಿಂಗಳಿನಿಂದಲೇ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ. ಕಂಪನಿ ಅಲುಗಾಡುತ್ತಿದೆ ಎಂದು ಅನಿಸಿದ ದಿನವೇ ಅನುಭವ ಪತ್ರ ಬರೆಸಿಕೊಳ್ಳಿ. ಬೀಗ ಬಿದ್ದ ಮೇಲೆ ಸಂಸ್ಥಾಪಕರ ತಲೆಯಲ್ಲಿ ನಿಮ್ಮ ಪತ್ರ ಇರುವುದಿಲ್ಲ.

ಬಾಕಿ ಸಂಬಳದ ವಿಷಯ. ಕಂಪನಿ 2016ರ ದಿವಾಳಿ ಕಾನೂನಿನಡಿ ಲಿಕ್ವಿಡೇಶನ್‌ಗೆ (ಆಸ್ತಿ ಮಾರಿ ಬಾಕಿ ತೀರಿಸುವ ಹಂತಕ್ಕೆ) ಹೋದರೆ ಕಾರ್ಮಿಕರ 24 ತಿಂಗಳ ಬಾಕಿಗೆ ಮೇಲಿನ ಸ್ಥಾನ, ಉಳಿದ ನೌಕರರ 12 ತಿಂಗಳ ಬಾಕಿಗೆ ಅದರ ಕೆಳಗಿನ ಸ್ಥಾನ. ಆದರೆ ಲ್ಯಾಪ್‌ಟಾಪ್, ಕುರ್ಚಿ ಬಿಟ್ಟು ಆಸ್ತಿಯೇ ಇಲ್ಲದ ಕಂಪನಿಯಲ್ಲಿ ಸಾಲಿನಲ್ಲಿ ಎಲ್ಲಿ ನಿಂತರೂ ಸಿಗುವುದು ಅಷ್ಟಕ್ಕಷ್ಟೆ. ಅದಕ್ಕೇ ಎರಡು ತಿಂಗಳ ಸಂಬಳ ಬಾಕಿ ಆದರೆ ಮೂರನೆಯದಕ್ಕೆ ಕಾಯಬೇಡಿ. ಸಂಸ್ಥಾಪಕರು ಒಳ್ಳೆಯವರು, ಕಷ್ಟದಲ್ಲಿದ್ದಾರೆ, ಬಿಟ್ಟು ಹೋದರೆ ದ್ರೋಹ ಎಂದು ಕೂತವರನ್ನು ಕಂಡು ನನಗೆ ತುಂಬ ಸಂಕಟವಾಗಿದೆ. ನಿಮ್ಮ ಮನೆಯ ಕಂತು ಯಾರೂ ಕಟ್ಟುವುದಿಲ್ಲ.

ಇಲ್ಲಿಂದ ಬೆಂಗಳೂರಿಗೆ, ಗಲ್ಫ್‌ಗೆ, ಕೆನಡಾಕ್ಕೆ ಹೋಗಲು ಆಗುತ್ತದಾ?

ಆಗುತ್ತದೆ. ಬೆಂಗಳೂರಿನ ದಾರಿ ಹೆಚ್ಚಾಗಿ ಹಳೆಯ ಸಹೋದ್ಯೋಗಿಗಳ ಮೂಲಕ ತೆರೆಯುತ್ತದೆ. ಹದಿನೈದು ಜನರ ಕಂಪನಿಯಲ್ಲಿ ಎಲ್ಲರೂ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿರುತ್ತಾರೆ. ಅವರು ಹತ್ತು ಕಡೆ ಹೋದರೆ ನಿಮಗೆ ಹತ್ತು ಕಡೆ ಗುರುತಿನವರು. ಹೊರಟವರ ಜೊತೆ ಮಾತು ಬಿಡಬೇಡಿ.

ಗಲ್ಫ್‌ಗೆ ಅನುಭವ ಪತ್ರ ಕೇಳುತ್ತಾರೆ. ಕೆನಡಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವ ಎಕ್ಸ್‌ಪ್ರೆಸ್ ಎಂಟ್ರಿಗೆ ಇನ್ನೂ ವಿವರ ಬೇಕು: ಲೆಟರ್‌ಹೆಡ್ ಮೇಲೆ ಹುದ್ದೆ, ಮಾಡಿದ ಕೆಲಸಗಳ ಪಟ್ಟಿ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸಹಿ ಹಾಕಿದವರ ಸಂಪರ್ಕ. ಸಣ್ಣ ಕಂಪನಿಗೆ ಇಂಥ ಪತ್ರದ ನಮೂನೆಯೇ ಗೊತ್ತಿರುವುದಿಲ್ಲ. ನೀವೇ ಕರಡು ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಮನೆ ಸಾಲ?

ಸಂಬಳ ಚೀಟಿ, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಸರಿಯಾಗಿದ್ದರೆ ಸಿಗುತ್ತದೆ. ಬ್ಯಾಂಕಿನ ಕಂಪನಿ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಒಂದೆರಡು ಕಾಗದ ಜಾಸ್ತಿ ಕೇಳಬಹುದು. ಸಂಬಳ ನಗದಾಗಿ ತೆಗೆದುಕೊಳ್ಳುವವರಿಗೆ ಮಾತ್ರ ನಿಜವಾದ ಕಷ್ಟ.

ಕ್ಯಾಂಪಸ್‌ನಲ್ಲಿ ದೊಡ್ಡ ಕಂಪನಿ, ಸಣ್ಣ ಕಂಪನಿ ಎರಡೂ ಸಿಕ್ಕಿದೆ. ಯಾವುದು?

ಮನೆಯಲ್ಲಿ ಶಿಕ್ಷಣ ಸಾಲದ ಕಂತು ಇದ್ದು ದುಡಿಯುವವರು ನೀವೊಬ್ಬರೇ ಆಗಿದ್ದರೆ ದೊಡ್ಡದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಆ ಭಾರ ಇಲ್ಲದಿದ್ದರೆ, ಸಣ್ಣ ಕಡೆ ನಿಮ್ಮನ್ನು ತಿದ್ದುವ ಒಬ್ಬ ಅನುಭವಿ ಇದ್ದರೆ, ಹಣ ಕೊಡುವ ಗ್ರಾಹಕರಿದ್ದರೆ, ಸಣ್ಣದು. ಎರಡರಲ್ಲಿ ಒಂದೇ ಇದ್ದರೆ ದೊಡ್ಡದಕ್ಕೇ ಹೋಗಿ. ಎರಡು ವರ್ಷದ ಮೇಲೆ ಸಣ್ಣ ಕಡೆಗೆ ಬರುವುದು ಸುಲಭ.

ಈಗಾಗಲೇ ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷ ಆಯಿತು. ಏನೂ ಬರೆದಿಟ್ಟಿಲ್ಲ. ತಡ ಆಯ್ತಾ?

ಇಲ್ಲ. ಈ ಭಾನುವಾರ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಯುಎಎನ್ ಪಾಸ್‌ಬುಕ್, ಎಲ್ಲ ವರ್ಷದ ಫಾರ್ಮ್ 16, ಸಿಕ್ಕಷ್ಟು ಸಂಬಳ ಚೀಟಿ ಇಳಿಸಿಕೊಳ್ಳಿ. ಯುಎಎನ್‌ನಲ್ಲಿ ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಹೊಂದುತ್ತದಾ ನೋಡಿ. ತಪ್ಪಿದ್ದರೆ ಕಂಪನಿ ಜೀವಂತ ಇರುವಾಗಲೇ ತಿದ್ದಿಸಿ, ಆಮೇಲೆ ಬಹಳ ಓಡಾಟ. ಆಮೇಲೆ ಹಳೆಯ ಕೆಲಸದ ಟಿಕೆಟ್‌ಗಳನ್ನು (ಒಂದೊಂದು ಕೆಲಸಕ್ಕೂ ಕಂಪನಿ ಇಟ್ಟ ದಾಖಲೆ), ಗ್ರಾಹಕರಿಗೆ ಬರೆದ ಪತ್ರಗಳನ್ನು ಒಂದೊಂದಾಗಿ ತಿರುವಿ. ನೀವು ಮರೆತಿದ್ದ ಮೂರು ನಾಲ್ಕು ಗಟ್ಟಿ ಕೆಲಸಗಳು ಅಲ್ಲಿ ಸಿಗುತ್ತವೆ. ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆಯಿರಿ. ಸೋಮವಾರ ನಿಮ್ಮ ಮೇಲಿನವರನ್ನು ಕೇಳಿ: ಮುಂದಿನ ಆರು ತಿಂಗಳಲ್ಲಿ ನನಗೆ ಗೊತ್ತಿಲ್ಲದ ಯಾವ ಕೆಲಸ ಕೊಡುತ್ತೀರಿ? ಅವರ ಹತ್ತಿರ ಉತ್ತರ ಇಲ್ಲದಿದ್ದರೆ ಆ ಸಂಜೆಯೇ ರೆಸ್ಯೂಮೆ ಕಳಿಸಲು ಶುರು ಮಾಡಿ.